ನಾಲ್ಕನೆಯ ಕಂಬದ ಕೆಳಗಿನ ಹೆಸರು

ಆ ಪ್ರಿಂಟರಿನ ಸದ್ದು ಇನ್ನೂ ಕಿವಿಯಲ್ಲಿದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಒಂದು ಬಾರ್ ಗ್ರಾಫ್ ಅಚ್ಚು ಹಾಕುವಾಗ ಅದು ಮೂರು ಥರ ಸದ್ದು ಮಾಡುತ್ತಿತ್ತು. ತಲೆಬರಹ ಬರುವಾಗ ಕಿರ್ರ್ ಎಂದು ಒಂದು ಎಳೆತ, ಅಷ್ಟೇ. ಕಂಬಗಳು ಬರುವಾಗ ಯಾರೋ ಹೊಸ ಕೋರಾ ಬಟ್ಟೆಯನ್ನು ಒಂದೇ ಸಮ ಹರಿಯುತ್ತಿದ್ದಾರೇನೋ ಎನ್ನುವ ಹಾಗೆ. ಕೊನೆಗೆ, ಹಾಳೆಯ ಕೆಳಗಡೆ, ಕಂಬಗಳ ಹೆಸರು ಬೀಳುವಾಗ ಟಿಕ್ ಟಿಕ್, ಟಿಕ್, ಎಂದು ಬಿಟ್ಟು ಬಿಟ್ಟು. ಹೆಸರು ಬಿದ್ದವೋ ಇಲ್ಲವೋ ಎನ್ನುವುದು ನನಗೆ ಹಾಳೆ ನೋಡದೆಯೇ ತಿಳಿಯುತ್ತಿತ್ತು. ಸರಿಯಾದ ಕಡೆ ಬಿದ್ದವೋ ಇಲ್ಲವೋ ಎನ್ನುವುದು ಸದ್ದಿನಲ್ಲಿ ತಿಳಿಯುವಂಥದ್ದಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಸರ್ವೆ ಆಫೀಸು. ಹಳ್ಳಿಗಳಲ್ಲಿ ಎಷ್ಟು ಕೂಸು ಹುಟ್ಟಿದವು, ಎಷ್ಟು ಉಳಿದವು, ಯಾವ ಸೂಜಿ ಹಾಕಿಸಿಕೊಂಡವು ಎನ್ನುವುದನ್ನೆಲ್ಲ ಕೂಡಿಸಿ ರಿಪೋರ್ಟ್ ಮಾಡುವ ಕೆಲಸ. ನಾನು ಅಲ್ಲಿ ಸ್ಟ್ಯಾಟಿಸ್ಟಿಶಿಯನ್. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತವಳು. ಪ್ರೋಗ್ರಾಂ ಬರೆಯುವುದೆಂದರೆ ನನಗೆ ಕಾನ್ವೆಂಟಿನಲ್ಲಿ ಗ್ರಾಮರ್ ಕಲಿತ ಹಾಗೇ ಇತ್ತು. ಒಂದು ಕಾಮಾ ಬಿಟ್ಟರೆ ಅದು ಮುಖ ತಿರುಗಿಸುತ್ತಿತ್ತು. ಕಾನ್ವೆಂಟಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮದರ್ ಒಬ್ಬರು ಗ್ರಾಫ್ ಹಾಳೆಯ ಮೇಲೆ ಸ್ಕೇಲಿನಿಂದ ಕುಟ್ಟಿ, “ಲೇಬಲ್ ಯುವರ್ ಆಕ್ಸಿಸ್, ಗರ್ಲ್ಸ್” ಎನ್ನುತ್ತಿದ್ದರು. ಅಡ್ಡ ಗೆರೆಗೂ ಉದ್ದ ಗೆರೆಗೂ ಹೆಸರು ಬರೆಯದಿದ್ದರೆ ಸೊನ್ನೆ. ನಾನು ಎಂದೂ ಸೊನ್ನೆ ತೆಗೆದುಕೊಂಡವಳಲ್ಲ.

ಆ ವರ್ಷ ನಮಗೆ ಹರಿಹರದಿಂದ ನಂದಿಗುಡಿ ಕಡೆಗೆ ಹೋಗುವ ಬಸ್ಸಿನ ದಾರಿಯ ಹನ್ನೆರಡು ಹಳ್ಳಿಗಳ ಕೆಲಸ ಬಂದಿತ್ತು. ಒಂದೊಂದು ಹಳ್ಳಿಗೂ ಒಬ್ಬೊಬ್ಬರು ನರ್ಸ್. ಅವರೆಲ್ಲರಿಗಿಂತ ಹಿರಿಯರು ಒಬ್ಬರಿದ್ದರು. ಅವರನ್ನು ನಾನು ಸಿಸ್ಟರ್ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ತವರು ಹದಡಿ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹದಿನಾಲ್ಕು ವರ್ಷದಿಂದ ಅದೇ ಹಳ್ಳಿಯಲ್ಲಿ, ಆರೋಗ್ಯ ಉಪಕೇಂದ್ರದ ಹಿಂದಿನ ಒಂದು ಕೋಣೆಯಲ್ಲಿ ಇದ್ದವರು.

ಹನ್ನೆರಡೂ ಹಳ್ಳಿಯ ಹುಟ್ಟು ಸಾವಿನ ಲೆಕ್ಕದ ಚೀಟಿಗಳನ್ನು ಒಟ್ಟು ಮಾಡಿ ತಂದುಕೊಟ್ಟವರೂ ಅವರೇ. ಚೀಟಿಗಳ ಮೇಲೆ ಒಂದು ಹಾಳೆ, ಅದರಲ್ಲಿ ದುಂಡನೆಯ ಅಕ್ಷರದಲ್ಲಿ ಊರುಗಳ ಪಟ್ಟಿ. ಬಸ್ಸು ನಿಲ್ಲುವ ಕ್ರಮದಲ್ಲೇ ಪಟ್ಟಿ. ಆ ಲೈನಿನಲ್ಲಿ ಎಲ್ಲ ಲೆಕ್ಕವೂ ಹಾಗೇ ಇರುತ್ತಿತ್ತು, ಯಾಕೆಂದರೆ ಲಸಿಕೆಯ ಐಸ್ ಡಬ್ಬಿ ಬಸ್ಸಿನಲ್ಲೇ ಬರುತ್ತಿತ್ತು. ಕಂಡಕ್ಟರ್ ಒಂದೊಂದು ಸ್ಟಾಪಿನಲ್ಲಿ ಡಬ್ಬಿ ಇಳಿಸುತ್ತಿದ್ದ, ಆಯಾ ಊರಿನ ನರ್ಸ್ ಬಂದು ಇಸಿದುಕೊಳ್ಳುತ್ತಿದ್ದರು. ಸಿಸ್ಟರ್ ಅವರದು ನಾಲ್ಕನೆಯ ಸ್ಟಾಪು.

ಚೀಟಿ ಕೊಟ್ಟ ದಿನ ಅವರು ತಮ್ಮ ಊರಿನದನ್ನು ಹುಡುಕಿ ಮೇಲೆ ಇಟ್ಟರು.

“ಈ ಕಾಲಂ ನೋಡ್ರಿ ಮೇಡಂ.”

ವರ್ಷ ತುಂಬುವುದರೊಳಗೆ ಹೋದ ಕೂಸುಗಳ ಕಾಲಂ. ಅಲ್ಲಿ ಏನೂ ಬರೆದಿರಲಿಲ್ಲ.

“ಬರೆಯೋದು ಮರೆತಿದ್ದೀರಾ?”

“ಮರೆತಿಲ್ರಿ. ಖಾಲಿ ಐತೆ. ಹದಿನಾಲ್ಕು ವರ್ಷದಾಗೆ ಇದೇ ಮೊದಲ್ನೇ ಸಲ ಖಾಲಿ ಬಿಟ್ಟಿದ್ದು. ಬರೆಯೋಕೆ ಕೈ ಹೋಗಿತ್ತು, ಪೆನ್ನು ಎತ್ತಿಬಿಟ್ಟೆ.”

ಹೆಮ್ಮೆಯಿಂದ ಹೇಳಲಿಲ್ಲ. ಜೋರಾಗಿ ಹೇಳಿದರೆ ಎಲ್ಲಿ ದೃಷ್ಟಿಯಾಗುತ್ತದೋ ಎನ್ನುವ ಹಾಗೆ ಮೆಲ್ಲಗೆ ಹೇಳಿದರು.

ಆವತ್ತು ಪ್ರಿಂಟರಿನಿಂದ ಮೊದಲ ಗ್ರಾಫ್ ಬಂದಾಗ ಅವರೂ ಪಕ್ಕದಲ್ಲಿ ಕೂತಿದ್ದರು. ಹನ್ನೆರಡು ಕಂಬ, ಕೆಳಗೆ ಹನ್ನೆರಡು ಊರಿನ ಹೆಸರು. ಜಾಗ ಸಾಲದೆ ಒಂದರ ಮೇಲೊಂದು ಬಿದ್ದು ಕಪ್ಪನೆಯ ಪಟ್ಟಿಯಾಗಿತ್ತು. ಮತ್ತೆ ತೆಗೆದೆ. ಈ ಸಲ ಪ್ರೋಗ್ರಾಂ ತಾನೇ ಜಾಣತನ ಮಾಡಿ ಒಂದು ಬಿಟ್ಟು ಒಂದು ಹೆಸರನ್ನು ಹಾರಿಸಿಬಿಟ್ಟಿತ್ತು. ಆರು ಊರು ಇದ್ದವು, ಆರು ಊರು ಇಲ್ಲ.

ಸಿಸ್ಟರ್ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. “ಸಂತಿ ದಿನ ಬಸ್ಸು ಹತ್ತಿದಂಗೆ ಆಗೇತಲ್ರಿ ಮೇಡಂ. ಒಂದೀಟು ಒಬ್ಬರ ಮ್ಯಾಲೆ ಒಬ್ಬರು ಕೂತಾರೆ, ಒಂದೀಟು ಜನ ಹತ್ತಾಕೇ ಆಗದೆ ಉಳಿದಾರೆ.”

“ಏನು ಮಾಡೋದು ಹೇಳಿ ಮತ್ತೆ.”

“ಸೀಟ್ ಇಲ್ಲ ಅಂದ್ರೆ ನಾವು ಏನ್ ಮಾಡ್ತೀವಿ? ನಿಂತ್ಕಂಡು ಹೋಗ್ತೀವಿ. ಅವನ್ನೂ ನಿಲ್ಲಿಸ್ರಿ.”

ಮ್ಯಾನ್ಯುಯಲ್ ತಿರುವಿದೆ. ಆನೆಸ್ಟ್ಲಿ, ಅದೇ ಉತ್ತರ ಅಲ್ಲಿಯೂ ಇತ್ತು. ಒಂದು ಸಣ್ಣ ಕಮ್ಯಾಂಡ್ ಕೊಟ್ಟರೆ ಹೆಸರುಗಳು ಅಡ್ಡ ಮಲಗುವುದನ್ನು ಬಿಟ್ಟು ಕಂಬದ ಕೆಳಗೆ ನೆಟ್ಟಗೆ ನಿಲ್ಲುತ್ತವೆ. ನಿಂತವು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಿಸ್ಕತ್ತಿನ ಡಬ್ಬಿ ತೆಗೆದು ಅವರ ಮುಂದಿಟ್ಟೆ. ಅವರು ಒಂದು ತೆಗೆದುಕೊಂಡು, ಇನ್ನೊಂದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಸ್ಸಿಗೆ ಹೊರಟರು.

ಅವರು ಹೋದ ಮೇಲೆ ನೋಡಿದರೆ ಇನ್ನೊಂದು ತೊಂದರೆ. ಆ ಪ್ರೋಗ್ರಾಂ ಯಾವ ಹೆಸರಿನಲ್ಲೂ ಎಂಟು ಅಕ್ಷರಕ್ಕಿಂತ ಹೆಚ್ಚು ಇಟ್ಟುಕೊಳ್ಳುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಊರುಗಳೆಲ್ಲ ಬಾಲ ಕತ್ತರಿಸಿಕೊಂಡು ನಿಂತಿದ್ದವು. ಮೀಟಿಂಗಿಗೆ ಇಂಥದ್ದನ್ನು ಹೇಗೆ ಒಯ್ಯುವುದು? ಪ್ರೋಗ್ರಾಮಿನ ಹೆಸರುಗಳನ್ನು ತೆಗೆದುಹಾಕಿ, ಪೂರ್ತಿ ಹೆಸರುಗಳನ್ನು ನಾನೇ ಟೈಪ್ ಮಾಡಿ ಕೊಟ್ಟೆ. ಎಡದಿಂದ ಬಲಕ್ಕೆ ಇವನ್ನೇ ಹಚ್ಚು ಎಂದು ಕಮ್ಯಾಂಡ್. ಟೈಪ್ ಮಾಡಲು ಪಕ್ಕದಲ್ಲಿಟ್ಟುಕೊಂಡಿದ್ದು ಸಿಸ್ಟರ್ ಬರೆದ ಆ ದುಂಡನೆಯ ಪಟ್ಟಿಯನ್ನು.

ಗ್ರಾಫ್ ಬಂತು. ಅಷ್ಟು ನೀಟಾದ ಗ್ರಾಫ್ ಆ ಆಫೀಸಿನಲ್ಲಿ ಅದಕ್ಕೂ ಮುಂಚೆ ಬಂದಿರಲಿಲ್ಲ. ಹೆಸರುಗಳನ್ನು ಒಂದೊಂದಾಗಿ ಓದಿದೆ, ಒಂದೂ ಸ್ಪೆಲ್ಲಿಂಗ್ ತಪ್ಪಿರಲಿಲ್ಲ. ಕಂಬಗಳನ್ನು ನೋಡಲಿಲ್ಲ. ಕಂಬಗಳನ್ನು ಕಂಪ್ಯೂಟರ್ ಮಾಡಿದ್ದು ತಾನೇ?

ಮೀಟಿಂಗ್ ಹರಿಹರದಲ್ಲಿ. ಓವರ್‌ಹೆಡ್ ಪ್ರೊಜೆಕ್ಟರಿನ ಮುಂದೆ ನಿಂತು ಪ್ಲಾಸ್ಟಿಕ್ ಹಾಳೆಗಳನ್ನು ಒಂದೊಂದಾಗಿ ಬದಲಾಯಿಸುವುದು ನನ್ನ ಕೆಲಸ. ಮುಂದಿನ ಸಾಲಿನಲ್ಲಿ ಆರೋಗ್ಯ ಇಲಾಖೆಯ ಆಫೀಸರು, ಹಿಂದೆ ಹನ್ನೆರಡು ಜನ ನರ್ಸುಗಳು, ಎಲ್ಲರೂ ಬಿಳಿ ಸೀರೆ. ತೀರಿಕೊಂಡ ಕೂಸುಗಳ ಗ್ರಾಫ್ ಗೋಡೆಯ ಮೇಲೆ ಬಿದ್ದಾಗ ಎಲ್ಲರಿಗೂ ಮೊದಲು ಕಂಡಿದ್ದು ನಾಲ್ಕನೆಯ ಕಂಬ. ಉಳಿದವೆಲ್ಲ ಅದರ ಅರ್ಧಕ್ಕೂ ಬರುತ್ತಿರಲಿಲ್ಲ.

ಆಫೀಸರು ಕೆಳಗಿನ ಹೆಸರನ್ನು ತಲೆ ಓರೆ ಮಾಡಿ ಓದಿದರು. “ಯಾರ್ರಿ ಈ ಊರಿನ ಸಿಸ್ಟರು? ಎದ್ದು ನಿಲ್ರಿ.”

ಸಿಸ್ಟರ್ ಎದ್ದು ನಿಂತರು.

“ಏನ್ರಿ ಇದು? ಇಡೀ ಲೈನಿಗೆ ನಿಮ್ಮದೊಂದೇ ಗೋಪುರ ಆಗೈತಲ್ಲ.”

ಒಂದಿಬ್ಬರು ನಕ್ಕರು.

“ನನ್ನ ರಿಜಿಸ್ಟರ್‌ನಾಗೆ ಇಲ್ಲ ಸರ್.”

“ರಿಜಿಸ್ಟರ್‌ನಾಗೆ ಇಲ್ಲ, ಕಂಪ್ಯೂಟರ್‌ನಾಗೆ ಐತೆ. ಯಾವುದನ್ನ ನಂಬಬೇಕು ನೀವೇ ಹೇಳ್ರಿ.”

ಸಿಸ್ಟರ್ ನನ್ನ ಕಡೆ ನೋಡಿದರು. ಆ ಖಾಲಿ ಕಾಲಂ ನನಗೆ ನೆನಪಿತ್ತು. ಹೇಗೆ ಇಲ್ಲದಿರುತ್ತದೆ? ನನ್ನ ಕೈಯಲ್ಲೇ ಹಿಡಿದಿದ್ದೆ. ಎಲ್ಲೋ ಏನೋ ಚುಚ್ಚಿತು. ಆದರೆ ಗೋಡೆಯ ಮೇಲಿನ ಗ್ರಾಫ್ ಅಷ್ಟು ನೀಟಾಗಿತ್ತು, ಅಷ್ಟು ದೊಡ್ಡದಾಗಿತ್ತು. ನಾನು ಮಾಡಿದ್ದೆಂದರೆ, ಪ್ಲಾಸ್ಟಿಕ್ ಹಾಳೆ ತುಸು ವಾಲಿತ್ತು, ಅದನ್ನು ನೆಟ್ಟಗೆ ಮಾಡಿದೆ. ಕಂಬವೇ ಇಲ್ಲದ ಜಾಗದ ಕೆಳಗೆ ಬೇರೊಂದು ಊರಿನ ಹೆಸರಿತ್ತು. ಆ ಊರಿನ ನರ್ಸಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹೆಣ್ಣುಮಗಳು ಕೈ ಮುಗಿದು, ಯಾರ ಮುಖವನ್ನೂ ನೋಡದೆ ಕೂತಳು.

ಹೊರಗೆ ಬೇವಿನ ಮರದ ಕೆಳಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಕೊಟ್ಟರು. ಸಿಸ್ಟರ್ ಕಾಗದದ ಪೊಟ್ಟಣ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ತಿಂದಿರಲಿಲ್ಲ.

“ಮೇಡಂ, ಒಂದ್ ಮಾತು. ತವರಿಗೆ ಬಾಣಂತನಕ್ಕೆ ಹೋದ ಹೆಣ್ಮಕ್ಕಳ ಲೆಕ್ಕ ನಿಮ್ಮ ಕಂಪ್ಯೂಟರಿಗೆ ಬರುತ್ತಾ?”

“ಎಲ್ಲ ಊರಿನ ಚೀಟಿನೂ ಹಾಕಿದ್ದೇವಲ್ಲ ಸಿಸ್ಟರ್.”

“ಅಂದ್ರೆ ಬ್ಯಾರೆ ಊರಾಗೆ ಹೋಗಿದ್ದನ್ನೂ ಹುಡುಕಿ ನಮ್ಮೂರ ಲೆಕ್ಕಕ್ಕೆ ಹಚ್ಚುತ್ತಾ?”

ಇಲ್ಲ ಎನ್ನಬೇಕಿತ್ತು. ಅದು ಹುಡುಕುವ ಯಂತ್ರವಲ್ಲ, ಕೊಟ್ಟಿದ್ದನ್ನು ಎಣಿಸುವ ಯಂತ್ರ. ಆದರೆ ಅಷ್ಟರಲ್ಲಿ ನಮ್ಮ ಆಫೀಸಿನ ಡೈರೆಕ್ಟರ್ ಜೀಪಿನಿಂದ ನನ್ನನ್ನು ಕರೆದರು. “ಹಚ್ಚಿರಬಹುದು” ಎಂದೆ. ಎಷ್ಟು ಸಣ್ಣ ಮಾತು. ಸಿಸ್ಟರ್ ತಲೆಯಾಡಿಸಿದರು. “ಅದಕ್ಕೇ ಮತ್ತೆ” ಎಂದರು, ತಮಗೇ ಹೇಳಿಕೊಳ್ಳುವ ಹಾಗೆ.

ನಮ್ಮ ಕಡೆ ಚೊಚ್ಚಲ ಹೆರಿಗೆಗೆ ಸೊಸೆ ತವರಿಗೆ ಹೋಗುತ್ತಾಳೆ. ಮೂರೋ ಐದೋ ತಿಂಗಳಿಗೆ ಕೂಸಿನ ಸಮೇತ ವಾಪಸು ಬರುತ್ತಾಳೆ. ಆ ನಡುವಿನ ತಿಂಗಳುಗಳಲ್ಲಿ ಗಂಡನ ಊರಿನ ನರ್ಸಿಗೆ ಏನೂ ಗೊತ್ತಾಗುವುದಿಲ್ಲ. ತಾನು ಕಾಣದ ಆ ಸಾವುಗಳನ್ನು ಕಂಪ್ಯೂಟರ್ ಕಂಡಿದೆ ಎಂದು ಸಿಸ್ಟರ್ ನಂಬಿದರು. ನಂಬುವುದಕ್ಕೆ ಸಹಾಯ ಮಾಡಿದವಳು ನಾನು.

ಐದಾರು ವಾರ ಕಳೆದಿರಬೇಕು. ಅದೇ ಪ್ರೋಗ್ರಾಮಿನಲ್ಲಿ ಇನ್ನೊಂದು ಗ್ರಾಫ್ ಮಾಡುತ್ತಿದ್ದೆ, ತಿಂಗಳುಗಳ ಪ್ರಕಾರ ಹುಟ್ಟಿದ ಕೂಸುಗಳು. ತಿಂಗಳುಗಳ ಹೆಸರು ಚಿಕ್ಕವು, ಹಾಗಾಗಿ ನಾನು ಟೈಪ್ ಮಾಡುವ ಗೋಜಿಗೆ ಹೋಗದೆ ಪ್ರೋಗ್ರಾಮಿಗೇ ಬಿಟ್ಟೆ. ಹಾಳೆ ಬಂತು. ಮೊದಲು ಏಪ್ರಿಲ್, ಆಮೇಲೆ ಆಗಸ್ಟ್, ಆಮೇಲೆ ಡಿಸೆಂಬರ್. ಹೌ ಅಬ್ಸರ್ಡ್, ಎಂದು ನಗು ಬಂತು. ಎಬಿಸಿಡಿ ಪ್ರಕಾರ ಜೋಡಿಸಿಬಿಟ್ಟಿದೆ, ದಡ್ಡ ಯಂತ್ರ.

ನಗು ಅಲ್ಲಿಗೇ ನಿಂತಿತು. ತಿಂಗಳುಗಳನ್ನು ಎಬಿಸಿಡಿ ಪ್ರಕಾರ ಜೋಡಿಸಿದ್ದರೆ ಊರುಗಳನ್ನೂ ಹಾಗೇ ಜೋಡಿಸಿರಬೇಕಲ್ಲ?

ಹನ್ನೆರಡು ಊರಿನ ಚೀಟಿ ತೆಗೆದು ಮೇಜಿನ ಮೇಲೆ ಹರಡಿಕೊಂಡೆ. ಕಂಬಗಳು ನಿಂತಿದ್ದು ಎಬಿಸಿಡಿ ಕ್ರಮದಲ್ಲಿ. ಅವುಗಳ ಕೆಳಗೆ ನಾನು ಹಚ್ಚಿದ್ದು ಬಸ್ ಸ್ಟಾಪಿನ ಕ್ರಮದ ಹೆಸರುಗಳು. ಸಿಸ್ಟರ್ ಅವರ ಊರಿನ ಖಾಲಿ ಜಾಗ ಒಂಬತ್ತನೆಯದಾಗಿ ಇನ್ಯಾರದೋ ಹೆಸರು ಹೊತ್ತು ನಿಂತಿತ್ತು. ಇನ್ಯಾರದೋ ಸಾವುಗಳು ಸಿಸ್ಟರ್ ಹೆಸರಿಗೆ ಬಂದಿದ್ದವು. ತಿದ್ದುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಎಣಿಕೆ ಮಾಡುವಾಗಲೇ ಬಸ್ಸಿನ ಕ್ರಮವನ್ನು ಪ್ರೋಗ್ರಾಮಿಗೆ ಹೇಳಿಕೊಡಬೇಕಿತ್ತು, ಅಷ್ಟೇ. ಒಂದೇ ಸಾಲು.

ಡೈರೆಕ್ಟರ್ ರೂಮಿಗೆ ಹೋದೆ. ರಿಟೈರಾದ ಡಾಕ್ಟರು, ಒಳ್ಳೆಯ ಮನುಷ್ಯ.

“ಸರ್, ಹರಿಹರದ ಗ್ರಾಫ್ ತಪ್ಪಾಗಿದೆ.”

“ಎಷ್ಟು ತಪ್ಪಾಗೈತೆ?”

“ಕಂಬಗಳೆಲ್ಲ ಸರಿ ಇವೆ. ಹೆಸರುಗಳು ತಪ್ಪು.”

“ಟೋಟಲ್ಲು?”

“ಟೋಟಲ್ ಸರಿ ಇದೆ ಸರ್.”

“ಟೋಟಲ್ ಸರಿ ಐತೆ ಅಂದ್ಮೇಲೆ ಯಾಕ ಮೇಡಂ ಮುಖ ಹಿಂಗ ಮಾಡೀರಿ? ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕ್ಸಿ, ರಿಪೋರ್ಟಿಗೆ ಅಂಟ್ಸಿ ಕಳಿಸಾಣ. ನೀವೇನ್ ಯಾರನ್ನೂ ಕೊಂದಿಲ್ಲ.”

ಪ್ರೆಸ್ಸಿನವರು ತಿದ್ದುಪಡಿ ಚೀಟಿ ಕೊಡುವುದಕ್ಕೆ ಒಂದು ತಿಂಗಳ ಮೇಲೆ ಹಿಡಿಯಿತು. ನಾನು ಅದಕ್ಕಾಗಿ ಕಾದೆ. ಈಗ ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಬೇಕು. ವಾರಕ್ಕೊಮ್ಮೆ ಐಸ್ ಡಬ್ಬಿ ಅದೇ ಬಸ್ಸಿನಲ್ಲಿ ಹೋಗುತ್ತಿತ್ತು. ನಾಲ್ಕು ಸಾಲು ಬರೆದು ಕಂಡಕ್ಟರ್ ಕೈಗೆ ಕೊಟ್ಟಿದ್ದರೆ ಮರುದಿನವೇ ಸಿಸ್ಟರಿಗೆ ಮುಟ್ಟುತ್ತಿತ್ತು. ಕೊಡಲಿಲ್ಲ. ಅಚ್ಚಾದ ಚೀಟಿ, ಹೊಸ ಗ್ರಾಫ್, ಎಲ್ಲ ಹಿಡಿದುಕೊಂಡೇ ಹೋಗಬೇಕು ಅನ್ನಿಸಿತು. ಕಾನ್ವೆಂಟಿನಿಂದ ಬಂದ ರೋಗ ಅದು, ತಪ್ಪನ್ನೂ ಫೇರ್ ಕಾಪಿಯಲ್ಲೇ ಒಪ್ಪಿಸಬೇಕು. ಐ ವಾಸ್ ಅಶೇಮ್ಡ್. ಅದಕ್ಕೆ ಬೇರೆ ಹೆಸರು ಹಚ್ಚುವುದು ಬೇಡ.

ರಿಪೋರ್ಟಿಗೆ ಚೀಟಿ ಅಂಟಿಸಿ ಕಳಿಸಿದ ಮರುದಿನವೇ ಹೊರಟೆ. ಹರಿಹರದಲ್ಲಿ ನಂದಿಗುಡಿ ಬಸ್ಸು ಹಿಡಿದು ನಾಲ್ಕನೆಯ ಸ್ಟಾಪಿನಲ್ಲಿ ಇಳಿದೆ. ಗದ್ದೆಯಲ್ಲಿ ನಾಟಿ ನಡೆದಿತ್ತು. ಉಪಕೇಂದ್ರಕ್ಕೆ ಬೀಗ. ಎದುರು ಮನೆಯ ಕಟ್ಟೆಯ ಮೇಲೆ ಹಿರಿಯ ಹೆಂಗಸೊಬ್ಬರು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು.

“ಯಾರು ಬೇಕಾಗಿತ್ರಿ?”

“ನರ್ಸಮ್ಮ ಇಲ್ವಾ?”

“ರಜ ಹಾಕಿ ಹೋಗ್ಯಾರೆ. ಹರಿಹರದಾಗೆ ಅವರಕ್ಕನ ಮನ್ಯಾಗೆ ಅದಾರೆ.”

“ಯಾವಾಗ ಬರ್ತಾರೆ?”

“ಬಂದು ಏನ್ ಮಾಡ್ತಾರೆ ಬಿಡ್ರಿ.” ಮೊರ ಕೆಳಗಿಟ್ಟರು. “ಒಳ್ಳೇರೇ ಇದ್ರು. ನನ್ನ ಮಗಳ ಹೆರಿಗೀನೂ ಅವರೇ ಮಾಡ್ಸಿದ್ದು. ಈಗ್ಗೆ ಎರಡು ತಿಂಗಳಾತು, ಏನ್ ಹೊಕ್ಕಿತೋ ತಲ್ಯಾಗೆ, ತವರಾಗೆ ಹೆತ್ತು ಬಂದ ಸೊಸ್ತೇರನ್ನೆಲ್ಲ ಕೇಳಕ್ಕೆ ಸುರು ಮಾಡಿದ್ರು. ನಮ್ಮ ಸೊಸಿನ್ನೂ ಕೇಳಿದ್ರು, ನೀ ಹೆತ್ತಿದ್ದು ಇದೇ ಕೂಸೇನವ್ವಾ, ಬ್ಯಾರೆ ಏನಾರ ಆಗಿತ್ತಾ, ಅಂತ. ತೊಟ್ಲಾಗೆ ಮಲಗಿರೋ ಕೂಸನ್ನ ತೋರ್ಸಿ ಹಂಗೆ ಕೇಳ್ತಾರೇನ್ರಿ? ನಮ್ಮ ಹುಡುಗಿ ಮೂರು ದಿನ ಅತ್ಳು. ಆಮ್ಯಾಗೆ ಯಾರೂ ಅವರನ್ನ ಒಳಗೆ ಕರೀಲಿಲ್ಲ.”

ವಾಪಸು ಬಸ್ಸಿಗೆ ಕಾಯುವಾಗ ಆ ಹೆಂಗಸು ಕೂಗಿ ಕರೆದು ನೀರು ಕೊಟ್ಟರು. ನಾನು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹರಿಹರದಲ್ಲಿ ಸಿಸ್ಟರ್ ಅವರ ಅಕ್ಕನ ಮನೆ ಹೊಳೆಯ ಕಡೆ ಹೋಗುವ ಒಂದು ಓಣಿಯಲ್ಲಿತ್ತು. ಬಾಗಿಲು ತೆಗೆದವರು ಸಿಸ್ಟರೇ. ಬಣ್ಣದ ಸೀರೆಯಲ್ಲಿ ಅವರನ್ನು ನಾನು ಅದೇ ಮೊದಲು ನೋಡಿದ್ದು. ಬಹಳ ಇಳಿದುಹೋಗಿದ್ದರು.

“ಬರ್ರಿ ಮೇಡಂ, ಕೂಡ್ರಿ. ಬಿಸ್ಲಾಗೆ ಬಂದೀರಿ.”

ಕೂತು, ನೀರು ಕುಡಿದು, ಹೊಸ ಗ್ರಾಫನ್ನು ಅವರ ಮುಂದೆ ಬಿಡಿಸಿಟ್ಟೆ. ಎಲ್ಲ ಹೇಳಿದೆ. ಎಬಿಸಿಡಿ, ಬಸ್ ಸ್ಟಾಪು, ನಾನು ಟೈಪ್ ಮಾಡಿದ್ದು, ಅವರ ಪಟ್ಟಿಯನ್ನೇ ನೋಡಿ ಮಾಡಿದ್ದು. ಅವರು ತಮ್ಮ ಊರಿನ ಹೆಸರನ್ನು ಹುಡುಕಿ ಅದರ ಮೇಲಿನ ಜಾಗಕ್ಕೆ ಬೆರಳಿಟ್ಟರು.

“ಇಲ್ಲೇನೂ ಇಲ್ಲಲ್ಲ.”

“ಅದೇ ಸಿಸ್ಟರ್. ಏನೂ ಇಲ್ಲ. ನಿಮ್ಮ ರಿಜಿಸ್ಟರ್ ಸರಿ ಇತ್ತು.”

ಬೆರಳು ಅಲ್ಲಿಂದ ತೆಗೆಯಲಿಲ್ಲ.

“ನಾನು ನಿಮ್ಮೂರಿಗೆ ಬರ್ತೀನಿ” ಎಂದೆ. “ಎಲ್ಲರಿಗೂ ಈ ಗ್ರಾಫ್ ತೋರಿಸಿ ಹೇಳ್ತೀನಿ, ತಪ್ಪು ನನ್ನದು ಅಂತ.”

“ಅವರಿಗೆ ಗ್ರಾಫ್ ಯಾಕ್ರಿ? ಗ್ರಾಫ್ ತೋರ್ಸಿ ನಾನು ಕೇಳಿರಲಿಲ್ಲ. ಬಾಯಾಗೆ ಕೇಳಿದ್ದು, ನಾನೇ ಕೇಳಿದ್ದು.”

ಒಳಗೆ ಅವರ ಅಕ್ಕ ಸ್ಟೌವ್ ಪಂಪ್ ಮಾಡುತ್ತಿದ್ದರು. ಸಿಸ್ಟರ್ ಎದ್ದು ಒಳಬಾಗಿಲು ಮುಂದೆ ಮಾಡಿ ಬಂದು ಕೂತರು.

“ಒಂದು ಸಿಕ್ತು ಮೇಡಂ” ಎಂದರು ಆಮೇಲೆ.

ನನಗೆ ತಿಳಿಯಲಿಲ್ಲ.

“ಕೇಳ್ತಾ ಹೋದ್ನಲ್ಲ. ಒಬ್ಬಾಕಿ ಹೇಳಿದ್ಳು. ತವರಾಗೆ ಹೆತ್ತಿದ್ಳು. ಅವಳಿ. ಒಂದು ಉಳೀತು, ಅದನ್ನ ಎತ್ಕಂಡು ಬಂದ್ಳು. ಇನ್ನೊಂದು ಹದಿನೆಂಟು ದಿನ ಇತ್ತಂತೆ. ಅತ್ತಿಮನ್ಯಾಗೆ ಯಾರಿಗೂ ಹೇಳಿರಲಿಲ್ಲ. ನಾನು ಕೇಳೋವರಿಗೂ ಯಾರೂ ಕೇಳಿರಲಿಲ್ಲ.”

“ಅದು ನಿಮ್ಮ ಲೆಕ್ಕಕ್ಕೆ ಬರಲ್ಲ ಸಿಸ್ಟರ್” ಎಂದೆ. “ರೂಲ್ ಪ್ರಕಾರ ತೀರಿಕೊಂಡ ಊರಿನ ಲೆಕ್ಕಕ್ಕೆ ಹೋಗುತ್ತೆ.”

“ಆ ಊರಿಗೂ ಹೋಗಿ ನೋಡಿ ಬಂದೆ. ಅಲ್ಲಿ ಬರ್ಕಂಡಿಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ.” ಗ್ರಾಫನ್ನು ನನ್ನ ಕಡೆ ತಿರುಗಿಸಿದರು. “ಒಂದು ಹಾಕ್ರಿ ಇಲ್ಲಿ.”

ಹಾಕುವಂತಿರಲಿಲ್ಲ. ಅಚ್ಚಾಗಿ, ಅಂಟಿಸಿ, ಕಳಿಸಿಯಾಗಿತ್ತು. ಪರ್ಸಿನಿಂದ ಪೆನ್ನು ತೆಗೆದು ಅವರಿಗೇ ಕೊಟ್ಟೆ.

“ಒಂದು ಅಂದ್ರೆ ಎಷ್ಟು ಎತ್ತರ ಮೇಡಂ?”

ಎಡಗಡೆಯ ಗೆರೆಯ ಮೇಲೆ ತೋರಿಸಿದೆ. ಉಗುರಿನಷ್ಟು. ಸಿಸ್ಟರ್ ಅಕ್ಕನ ಮಗಳ ಸ್ಕೇಲು ತರಿಸಿ, ಅಳೆದು, ನಾಲ್ಕು ಗೆರೆ ಎಳೆದು, ಒಳಗೆ ನಿಧಾನವಾಗಿ ಶಾಯಿ ತುಂಬಿದರು. ಹೊರಗೆ ಒಂದು ಚೂರೂ ಹರಿಯಲಿಲ್ಲ. ಆಮೇಲೆ ಹಾಳೆ ಮಡಿಸಿ ನನಗೆ ವಾಪಸು ಕೊಟ್ಟರು. “ನಿಮ್ಮ ಆಫೀಸ್‌ನಾಗೆ ಇಡ್ರಿ. ನನ್ನ ಹತ್ರ ಇದ್ರೆ ಯಾರ್ ನೋಡ್ತಾರೆ.”

ಊಟ ಮಾಡಿಕೊಂಡು ಹೋಗಿ ಎಂದು ಅವರ ಅಕ್ಕ ಬಲವಂತ ಮಾಡಿದರು. ಆಗಲಿಲ್ಲ, ಚಹಾ ಮಾತ್ರ ಕುಡಿದೆ. ಕ್ಷಮಿಸಿ ಎನ್ನುವ ಮಾತನ್ನು ದಾವಣಗೆರೆಯಿಂದ ಹೊರಡುವಾಗ ಎರಡು ಭಾಷೆಯಲ್ಲೂ ಜೋಡಿಸಿಕೊಂಡಿದ್ದೆ. ಎರಡರಲ್ಲೂ ಬರಲಿಲ್ಲ. ಸಿಸ್ಟರ್ ಓಣಿಯ ಕೊನೆಯ ತನಕ ಬಂದು ಆಟೋ ನಿಲ್ಲಿಸಿದರು. “ಬಸ್ ಸ್ಟ್ಯಾಂಡಿಗೆ ಬಿಡಪ್ಪ, ನಿಧಾನಕ್ಕೆ ಹೋಗು, ವಯಸ್ಸಾದೋರು” ಎಂದು ಡ್ರೈವರನಿಗೆ ಹೇಳಿದರು.

ನಾನು ಹತ್ತಿ ಕೂತ ಮೇಲೆ ಒಳಗೆ ಬಗ್ಗಿದರು.

“ಹೆಣ್ಣು ಕೂಸು ಮೇಡಂ ಅದು. ಬರ್ಕಳ್ರಿ.”

ಹಾಳೆಯನ್ನು ತೊಡೆಯ ಮೇಲೆ ಬಿಚ್ಚಿ ಅವರ ಕಣ್ಣೆದುರಿಗೇ ಬರೆದುಕೊಂಡೆ. ಅವರು ಬರೆದಿದ್ದನ್ನು ಓದಿ, ಸರಿ ಎನ್ನುವ ಹಾಗೆ ತಲೆಯಾಡಿಸಿ ಹಿಂದೆ ಸರಿದರು. ಆಟೋ ತಿರುಗುವಾಗ ನೋಡಿದೆ. ಓಣಿಯ ಬಾಯಲ್ಲಿ, ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತೇ ಇದ್ದರು. ಮುಂದಿನ ವರ್ಷ ಆ ಲೈನಿನ ಚೀಟಿಗಳನ್ನು ತಂದುಕೊಟ್ಟವರು ಬೇರೆಯವರು. ಸಿಸ್ಟರ್ ಅವರನ್ನು ನಾನು ಮತ್ತೆ ನೋಡಲಿಲ್ಲ.